ಅಕ್ಷರದ ಹಿಂದಿನ ಬಣ್ಣ



ಪುಸ್ತಕದ ಸಾಲುಗಳಿಗೆ ಹಳದಿ ಬಣ್ಣ ಬಳಿಯುವುದು ಪರೀಕ್ಷಾಕಾಲದ ಅಭ್ಯಾಸವೆಂದೇ ನಾವು ಭಾವಿಸಿದ್ದೇವೆ. ಆದರೆ ಅಚ್ಚಿನ ಪುಟದಲ್ಲಿಯೇ ಅಕ್ಷರಗಳ ಹಿಂದೆ ಬಣ್ಣ ಹಾಸಿ, ಒಂದು ದೊಡ್ಡ ವಾದವನ್ನು ಮಂಡಿಸಿದ ವಿದ್ವಾಂಸರೂ ಇದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಪಾಲ್ ಹೌಪ್ಟ್ ಅವರ ಸಂಪಾದಕತ್ವದಲ್ಲಿ, ಹೀಬ್ರೂ ಬೈಬಲ್ಲಿನ ವರ್ಣಮುದ್ರಿತ ಸಂಪುಟಗಳು 1893ರಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಕಟವಾದವು.

ಇದಕ್ಕೆ ಕಾರಣವಿತ್ತು. ಆದಿಕಾಂಡದ ಜಲಪ್ರಳಯದ ಕಥೆಯಲ್ಲಿ, ಪ್ರತಿಯೊಂದು ಜಾತಿಯಿಂದಲೂ ಎರಡೆರಡು ಜೀವಿಗಳನ್ನು ನಾವೆಗೆ ಸೇರಿಸಬೇಕೆಂದು ಒಂದೆಡೆ ಇದೆ. ಶುದ್ಧ ಪ್ರಾಣಿಗಳಲ್ಲಿ ಏಳೇಳು ಎಂದು ಇನ್ನೊಂದೆಡೆ ಇದೆ. ಎರಡು ಹಳೆಯ ಕಥನಗಳನ್ನು ಒಂದಾಗಿ ಹೆಣೆಯಲಾಗಿದೆಯೆಂಬುದು ಆ ವಿದ್ವಾಂಸರ ಮತ. ಸಿ. ಜೆ. ಬಾಲ್ ಅವರು ಸಿದ್ಧಪಡಿಸಿದ ಆದಿಕಾಂಡದ ಸಂಪುಟ 1896ರಲ್ಲಿ ಬಂದಿತು. ಒಂದೊಂದು ಮೂಲಕ್ಕೆ ಒಂದೊಂದು ಬಣ್ಣ. ಕಾರಣಗಳು ಟಿಪ್ಪಣಿಗಳಲ್ಲಿದ್ದವು ನಿಜ. ಆದರೆ ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ. "ಇರಬಹುದು" ಎಂದು ಹೇಳಲು ಬಣ್ಣಕ್ಕೆ ಬಾರದು.

ಈಗ ಈ ಕೆಲಸವನ್ನು ಗಣಕಯಂತ್ರದಲ್ಲಿಯೇ ಮಾಡಬಹುದು. ಮೊದಲು ಬಣ್ಣ, ಅದರ ಮೇಲೆ ಅಕ್ಷರ. ಕ್ರಮ ತಪ್ಪಿದರೆ ಬರಹವೇ ಮುಚ್ಚಿಹೋಗುತ್ತದೆ. ಬಣ್ಣದ ಚೌಕವೊಂದನ್ನು ಮಾಡಿ ಅದರೊಳಗೆ ಪದಗಳನ್ನಿಟ್ಟರೆ, ಲೇಟೆಕ್‌ನಂತಹ ತಂತ್ರಾಂಶದಲ್ಲಿ ಅದು ಸಾಲಿನ ಕೊನೆಯಲ್ಲಿ ಮುರಿಯದೆ ಅಂಚನ್ನು ದಾಟಿಬಿಡುತ್ತದೆ. ಹೀಬ್ರೂ ಬಲದಿಂದ ಎಡಕ್ಕೆ ಸಾಗುವುದರಿಂದ, ಬಣ್ಣವು ಎಡ ಅಂಚಿನಲ್ಲಿ ನಿಂತು ಮುಂದಿನ ಸಾಲಿನ ಬಲ ಅಂಚಿನಿಂದ ಮರಳಿ ಹೊರಡಬೇಕು. ಆ ಲಿಪಿಯ ಸ್ವರಚಿಹ್ನೆಗಳಲ್ಲಿ ಹೆಚ್ಚಿನವು ಅಕ್ಷರದ ಕೆಳಗಿನ ಚುಕ್ಕೆ-ಗೆರೆಗಳು. ಪಟ್ಟಿ ಗಿಡ್ಡದಾದರೆ ಅವು ಹೊರಗುಳಿಯುತ್ತವೆ, ನಮ್ಮ ಒತ್ತಕ್ಷರಗಳ ಹಾಗೆಯೇ.

ಈ ಒತ್ತಕ್ಷರಗಳ ತೊಡಕು ನನಗೆ ದಿನವೂ ಎದುರಾಗುತ್ತಿದೆ. ನನ್ನ ತಾಯಿಯವರ ಸೋಬಾನೆ ಹಾಡುಗಳ ಪುಸ್ತಕವನ್ನು ಅಚ್ಚಿಗೆ ಅಣಿಗೊಳಿಸುತ್ತಿದ್ದೇನೆ. ಹಸೆಗೆ ಕರೆಯುವ ಹಾಡಿನ ಹಾಳೆಯನ್ನು ಗೆದ್ದಲು ತಿಂದಿದೆ. ಅಲ್ಲಿನ ಕೆಲವು ಸಾಲುಗಳು ಚಿಕ್ಕಮ್ಮನವರ ನೆನಪಿನವು. ಕೆಲವು ಪದಗಳು ಕೇವಲ ನನ್ನ ಊಹೆ. ಅಮ್ಮನ ಕೈಬರಹದ ಪಾಠವನ್ನು ಬಿಳಿಯಾಗಿಯೇ ಬಿಟ್ಟು, ಚಿಕ್ಕಮ್ಮನವರ ಸಾಲುಗಳಿಗೆ ತಿಳಿಹಳದಿಯನ್ನೂ ನನ್ನ ಪದಗಳಿಗೆ ತಿಳಿನೀಲಿಯನ್ನೂ ಹಾಸಿದ್ದೇನೆ.

"ಎಲ್ಲವೂ ಅತ್ತಿಗೆಯ ಹಾಡೇ ಅಲ್ಲವೇ, ಈ ಬಣ್ಣಗಳೇಕೆ?" ಎಂದು ಸೋದರತ್ತೆಯವರು ಕೇಳಿದರು. ಅವರ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಬಣ್ಣವಿಲ್ಲದಿದ್ದರೆ ನನ್ನ ಪದಗಳನ್ನು ಮೊಮ್ಮಕ್ಕಳು ಅಮ್ಮನವೆಂದೇ ಹಾಡಿಯಾರು. ಅವರಿಗೆ ಅಮ್ಮನ ದನಿ ಕೇಳಿ ಗೊತ್ತಿಲ್ಲ. ಉಳಿದಿರುವುದು ಈ ಪುಸ್ತಕವೊಂದೇ.

ಬಣ್ಣವೇ ಕೊನೆಯ ತೀರ್ಪೆಂದು ತೋರದಿರಲೆಂದು, ಪ್ರತಿಯೊಂದು ಊಹೆಗೂ ಕಾರಣವನ್ನು ಅದೇ ಪುಟದ ಅಡಿಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಗಳ ಮದುವೆಗಳಲ್ಲಿ ಅವರು ಈ ಹಾಡನ್ನು ಹಾಡಿದ್ದು ಯಾರಿಗಾದರೂ ನೆನಪಿದ್ದರೆ ದಯವಿಟ್ಟು ತಿಳಿಸಿ. ಆ ನೀಲಿ ಪದಗಳನ್ನು ಸಂತೋಷದಿಂದ ಅಳಿಸುತ್ತೇನೆ.