ಯಾವ ಬೆಟ್ಟ, ಯಾವ ಹೊಳೆ

ಹೊಸಬರನ್ನು ಕಂಡಾಗ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ‘ಯಾವೂರು?’ ಎಂಬುದು, ಎರಡನೆಯದು ‘ಯಾರ ಪೈಕಿ?’ ಎಂಬುದು. ಇವೆರಡಕ್ಕೆ ಸಮಾಧಾನಕರವಾದ ಉತ್ತರ ದೊರೆತರೆ ಮುಂದಿನದೆಲ್ಲ ಸಲೀಸು. ಚಹಾ ತಾನಾಗಿಯೇ ಬರುತ್ತದೆ. ನ್ಯೂಜಿಲೆಂಡಿನ ಮಾವೋರಿ ಜನರಲ್ಲಿ ಇದೇ ಪದ್ಧತಿ ಇನ್ನೂ ಚೆಲುವಾಗಿದೆ. ಅಲ್ಲಿ ತನ್ನ ಪರಿಚಯ ಹೇಳಿಕೊಳ್ಳುವವನು ಮೊದಲು ತನ್ನ ಬೆಟ್ಟದ ಹೆಸರು ಹೇಳುತ್ತಾನೆ. ಆಮೇಲೆ ಹೊಳೆಯ ಹೆಸರು, ಕುಲದ ಹೆಸರು, ಹಿರಿಯರ ಹೆಸರು. ತನ್ನ ಹೆಸರು ಎಲ್ಲಕ್ಕಿಂತ ಕಡೆಗೆ. ಇದಕ್ಕೆ ಅವರು ‘ಪೆಪೆಹಾ’ ಎನ್ನುತ್ತಾರೆ.

ಇದನ್ನು ನಾನು ಪುಸ್ತಕದಿಂದ ತಿಳಿದವನಲ್ಲ. ನನ್ನ ಅಣ್ಣನ ಮಗಳು ಆಕ್ಲೆಂಡಿನಲ್ಲಿ ದಾದಿಯಾಗಿದ್ದಾಳೆ. 2018ರಲ್ಲಿ ಆಕೆ ಅಲ್ಲಿಗೆ ಹೋದ ಹೊಸತರಲ್ಲಿ, ಜೊತೆಗೆ ಕೆಲಸ ಮಾಡುವವರೆಲ್ಲರೂ ತಮ್ಮ ತಮ್ಮ ಪರಿಚಯವನ್ನು ಹೀಗೆ ಸಿದ್ಧಪಡಿಸಿಕೊಂಡು ಬರಬೇಕೆಂದು ಗೊತ್ತಾಯಿತಂತೆ. ಒಂದು ದಿನ ಬೆಳಗಾಗುವ ಮೊದಲೇ ಫೋನು ಮಾಡಿದಳು. “ಕಾಕಾ, ನನ್ನ ಬೆಟ್ಟ ಯಾವುದು? ಹೊಳಿ ಯಾವುದು?”

ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವನು ನಾನು. ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ಸುಲಭದ್ದಾಗಿರಲಿಲ್ಲ. ಹುಡುಗಿಯ ತಂದೆ ಮುಂಡಗೋಡದವನು. ತಾಯಿ ಟಿಬೆಟಿನವರ ಮಗಳು.

ಮುಂಡಗೋಡವನ್ನು ಕಾಣದ ಓದುಗರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯ ಮೂಡಣ ಅಂಚಿನ ತಾಲೂಕು ಇದು. ಘಟ್ಟದ ಕಾಡು ಇಲ್ಲಿ ತೆಳುವಾಗುತ್ತ ಹೋಗಿ ಬಯಲುಸೀಮೆಗೆ ಕೈಕೊಡುತ್ತದೆ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು. ಅವರ ಬೆನ್ನಿಗೆ ಸಾವಿರಾರು ಜನ ಹಿಮಾಲಯ ದಾಟಿದರು. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ನಮ್ಮಲ್ಲಿ ಸುಮಾರು 4000 ಎಕರೆ ಕಾಡನ್ನು ಅವರಿಗೆ ಬಿಟ್ಟುಕೊಟ್ಟರು. ಲ್ಹಾಸಾದ ಸುತ್ತ 1409ರಲ್ಲಿ ಹುಟ್ಟಿದ ಗಾಂಡೆನ್ ಮಠವೂ 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠವೂ ಮುಂದೆ ಇಲ್ಲಿಯೇ ಮತ್ತೊಮ್ಮೆ ಹುಟ್ಟಿದವು. ಈಗ ಬರುವ ಪ್ರವಾಸಿಗರು ಆ ಬಂಗಾರದ ಬಣ್ಣದ ಮಾಡುಗಳನ್ನು ನೋಡಿ ಹೋಗುತ್ತಾರೆ. ಅವ್ವನಿಗೆ ನೆನಪಿದ್ದದ್ದು ಬೇರೆ: ಡೇರೆಗಳು, ಕಡಿದ ಮರಗಳ ಬೊಡ್ಡೆಗೆ ಹಚ್ಚಿದ ಬೆಂಕಿ, ವಾರಗಟ್ಟಲೆ ಆರದ ಹೊಗೆ, ಮತ್ತು ನಮ್ಮ ಬೇಸಿಗೆಯಲ್ಲಿ ಉಣ್ಣೆಯ ಅಂಗಿ ತೊಟ್ಟು ಬೆವರುತ್ತಿದ್ದ ಮುದುಕರು.

ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದ ಗೌಳಿ ಅಜ್ಜಿಗೆ ನೆನಪಿದ್ದದ್ದು ಇನ್ನೂ ಬೇರೆ. “ಅದು ನಮ್ಮ ಎಮ್ಮಿ ಮೇಯೋ ಅಡವಿ ಆಗಿತ್ತು,” ಎಂದು ಆಕೆ ಬೆಣ್ಣೆಯ ಉಂಡೆಯನ್ನು ನೀರಿಗೆ ಬಿಡುತ್ತ ಹೇಳುತ್ತಿದ್ದಳು. ಸಿಟ್ಟಿರಲಿಲ್ಲ, ಲೆಕ್ಕ ಹೇಳುವ ದನಿ. ಹಾಗೆಂದು ಗೌಳಿಗಳು ಇಲ್ಲಿಯ ಮೂಲದವರೇ ಎಂದರೆ ಅದೂ ಅಲ್ಲ. ಅವರ ಹಿರಿಯರು ಎಮ್ಮೆ ಹೊಡೆದುಕೊಂಡು ಮಹಾರಾಷ್ಟ್ರದ ಕಡೆಯಿಂದ ಬಂದವರು. ಮನೆಯ ಮಾತು ಇಂದಿಗೂ ಮರಾಠಿಯ ಒಂದು ಬಗೆ. ಸಿದ್ದಿಗಳ ಹಿರಿಯರನ್ನು ಪೋರ್ತುಗೀಜರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು; ತಪ್ಪಿಸಿಕೊಂಡವರು ಈ ಕಾಡು ಸೇರಿದರು. ನಮ್ಮ ಅಜ್ಜನೋ, ಹಾನಗಲ್ಲಿನ ಕಡೆಯಿಂದ ಧರ್ಮಾ ಹೊಳೆಯ ಗುಂಟ ಮೇಲಕ್ಕೆ ಬಂದು ಗೇಣಿಗೆ ಹೊಲ ಹಿಡಿದವನು. ಮೂಲದವರು ಯಾರೆಂದು ಹುಡುಕಹೊರಟರೆ ನಮ್ಮ ತಾಲೂಕಿನಲ್ಲಿ ಸಾಗುವಾನಿ ಮರವೊಂದೇ ಉಳಿದೀತು. ಅದರಲ್ಲಿಯೂ ಎಷ್ಟೋ ಮರಗಳು ಅರಣ್ಯ ಇಲಾಖೆಯವರು ನೆಟ್ಟವು!

ಇಂಥ ಊರಿನಲ್ಲಿ ಅಣ್ಣನಿಗೆ ಟ್ರ್ಯಾಕ್ಟರ್ ರಿಪೇರಿಯ ಕೆಲಸ. ಗೋವಿನಜೋಳದ ಬಿತ್ತಿಗೆಯ ಹೊತ್ತಿಗೆ ಟಿಬೆಟಿಯರ ಕ್ಯಾಂಪಿನಲ್ಲಿ ಎಂಜಿನ್ನುಗಳಿಗೆ ಜಡ್ಡು ಬರುವುದು ಸಹಜ. ಆದರೆ ಸುಗ್ಗಿ ಮುಗಿದ ಮೇಲೂ ಅಣ್ಣನ ಸೈಕಲ್ಲು ಆ ಕಡೆಗೇ ತಿರುಗತೊಡಗಿದಾಗ ಅವ್ವನಿಗೆ ಅನುಮಾನ ಬಂತು. ಹುಡುಗಿ ಚಳಿಗಾಲದಲ್ಲಿ ತನ್ನ ತಾಯಿಯೊಂದಿಗೆ ಹುಬ್ಬಳ್ಳಿಗೆ ಹೋಗಿ ಸ್ವೆಟರ್ ಮಾರುತ್ತಿದ್ದಳು. ಆ ವರ್ಷ ಅಣ್ಣ ಮೂರು ಸ್ವೆಟರ್ ಕೊಂಡುತಂದ. ನಮ್ಮೂರಿನ ಚಳಿಗೆ ಒಂದು ಹೆಚ್ಚು.

1990ರಲ್ಲಿ ಅವರು ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದರು. 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮೂವತ್ತು ದಿನ ಆ ನೋಟೀಸು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು. ಅಂದರೆ ಪ್ರೀತಿಸಿದ ಇಬ್ಬರು ತಾವಾಗಿಯೇ ಮನೆಯಲ್ಲಿ ಹೇಳಲಾರದ್ದನ್ನು ಸರಕಾರ ಊರಿಗೆಲ್ಲ ಹೇಳಿಬಿಡುತ್ತದೆ. ಅಪ್ಪನಿಗೆ ಸುದ್ದಿ ಮುಟ್ಟಿದ್ದು ಸಂತೆಯಲ್ಲಿ.

ಅಪ್ಪ ಜಾತಿಯ ಮಾತು ಎತ್ತಿಯಾನು ಎಂದು ನಾನು ಕಾದಿದ್ದೆ. ಎತ್ತಲಿಲ್ಲ ಎಂದಲ್ಲ, ಆದರೆ ಅವನ ನಿಜವಾದ ದಿಗಿಲು ಬೇರೆಯಾಗಿತ್ತು. 1974ರ ಭೂಸುಧಾರಣೆ ಬಂದಾಗ ಅಪ್ಪ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ, ವರ್ಷಗಟ್ಟಲೆ ಅಲೆದಾಡಿ, ಗೇಣಿಯ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಆ ಕಾಗದವನ್ನು ದೇವರ ಜಗಲಿಯ ಹಿಂದೆ ತಗಡಿನ ಡಬ್ಬಿಯಲ್ಲಿಟ್ಟಿದ್ದ. “ನಿನಗ ಲಗ್ನಾ ಮಾಡಿಕೊಳ್ಳಾಕ ಬ್ಯಾರೆ ಯಾರೂ ಸಿಗಲಿಲ್ಲೇನು? ನಾಳೆ ಹೊಲಾ ಪರದೇಶಿ ಹೆಸರಿಗೆ ಹೋಗತೈತಿ,” ಎಂದ. ಅಣ್ಣ ಏನು ಹೇಳಿದರೂ ಕೇಳಲಿಲ್ಲ. ಮುಂದೆ ನಾಲ್ಕು ತಿಂಗಳು ತಂದೆ ಮಕ್ಕಳ ನಡುವೆ ಮಾತಿಲ್ಲ.

ಹುಡುಗಿಯ ಮನೆಯಲ್ಲಿ ಸಂಭ್ರಮವಿತ್ತೆಂದು ತಿಳಿಯಬೇಡಿ. ಅವಳ ತಂದೆ ಅಣ್ಣನನ್ನು ಕೂರಿಸಿ, ಬೆಣ್ಣೆ ಹಾಕಿದ ಉಪ್ಪಿನ ಚಹಾ ಕೊಟ್ಟು, ತಮ್ಮ ಹರಕು ಹಿಂದಿಯಲ್ಲಿ ಹೇಳಿದರಂತೆ: ನಾವು ಮೊದಲೇ ಸ್ವಲ್ಪ ಜನ. ಹೀಗೆ ಒಬ್ಬೊಬ್ಬರೇ ಹೊರಗೆ ಹೋದರೆ, ಊರಿಗೆ ಮರಳುವ ದಿನ ಬಂದಾಗ ಮರಳುವವರು ಯಾರು? ಅಪ್ಪನ ಸಿಟ್ಟಿಗೆ ಉತ್ತರ ಕೊಟ್ಟಿದ್ದ ಅಣ್ಣನಿಗೆ ಈ ಮಾತಿಗೆ ಉತ್ತರ ಕೊಡಲಾಗಲಿಲ್ಲ. ನನಗೂ ಈವರೆಗೆ ಸಿಕ್ಕಿಲ್ಲ.

ಮದುವೆಯಾಯಿತು. ವೈನಿ ಮೊದಲ ಸಲ ನಮ್ಮ ಮನೆಗೆ ಬಂದದ್ದು ಯುಗಾದಿಯ ಮರುದಿನ. ಅಪ್ಪ ಹಿತ್ತಲಿಗೆ ಹೋದವನು ಒಳಗೆ ಬರಲೇ ಇಲ್ಲ. ವೈನಿ ಬಟ್ಟೆಯ ಗಂಟೊಂದನ್ನು ಬಿಚ್ಚಿ ಅವ್ವನ ಮುಂದಿಟ್ಟರು. ಒಳಗೆ ಕಂದುಬಣ್ಣದ ಹಿಟ್ಟು. ಅವರು ಅದಕ್ಕೆ ‘ತ್ಸಾಂಪಾ’ ಎನ್ನುತ್ತಾರೆ. ಜವೆಗೋದಿಯನ್ನು ಹುರಿದು ಬೀಸಿದ್ದು. ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚಪ್ಪರಿಸಿದಳು.

“ಅಯ್ಯ, ಇದು ನಮ್ಮ ಹುರಿಟ್ಟಲ್ಲೇನ!” ಎಂದಳು. “ಬಾರವ್ವಾ, ಒಳಗ ಬಾ. ಬೆಲ್ಲಾ ಹಾಕಿ ತಿಂದು ನೋಡು.”

ಒಂದು ಚಿಟಿಕೆ ಹಿಟ್ಟಿನಿಂದ ಎಲ್ಲ ಸರಿಹೋಯಿತೆಂದು ಬರೆದರೆ ಕಥೆ ಚೆನ್ನಾಗುತ್ತದೆ. ಆದರೆ ನಡೆದದ್ದು ಹಾಗಲ್ಲ. ಅವ್ವ ಒಳಗೆ ಕರೆದಳು. ಅಪ್ಪ ಹೊರಗೇ ಉಳಿದ. 1993ರಲ್ಲಿ ಮಗಳು ಹುಟ್ಟಿದಳು. ಆಕೆಗೆ ಅವ್ವ ಇಟ್ಟ ಹೆಸರೊಂದು, ಲಾಮಾ ಕೊಟ್ಟ ಹೆಸರೊಂದು. ಎರಡನ್ನೂ ಹೇಳಲು ಬಾರದ ಅಪ್ಪ ಅವಳನ್ನು ‘ಸಣ್ಣಾಕಿ’ ಎನ್ನುತ್ತಿದ್ದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುವಾಗ ದಾರಿಯಲ್ಲಿ ಅವಳ ಇನ್ನೊಬ್ಬ ಅಜ್ಜ ಎದುರಾದರೆ ಇಬ್ಬರು ಮುದುಕರೂ ನಿಲ್ಲುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಮಳೆಯ ಬಗ್ಗೆ, ಗೋವಿನಜೋಳದ ಬಗ್ಗೆ ಕೈಸನ್ನೆಯಲ್ಲಿ ಏನೋ ನಡೆಯುತ್ತಿತ್ತು. ವೈನಿಯೊಂದಿಗೆ ಅಪ್ಪ ನೇರವಾಗಿ ಮಾತಾಡಿದ್ದು ಮಗು ಹುಟ್ಟಿ ಎರಡು ವರ್ಷದ ಮೇಲೆ, ಅದೂ “ಚಹಾ ಆತೇನು?” ಎಂಬಷ್ಟೇ.

ಅಣ್ಣನ ಮಗಳ ಪ್ರಶ್ನೆ ಬಂದ ಮೇಲೆ ನಾನು ನ್ಯೂಜಿಲೆಂಡಿನ ಚರಿತ್ರೆಯನ್ನು ಸ್ವಲ್ಪ ಓದಿದೆ. ಅಲ್ಲಿಯೂ ಮೊದಮೊದಲು ಬಂದ ಬಿಳಿಯರು ದೊರೆಗಳಾಗಿ ಬಂದವರಲ್ಲ. ತಿಮಿಂಗಿಲ ಬೇಟೆಯವರು, ನಾವಿಕರು, ವ್ಯಾಪಾರಿಗಳು. ಮಾವೋರಿ ನಾಯಕರ ಆಶ್ರಯದಲ್ಲಿ ಅವರ ಹಳ್ಳಿಗಳಲ್ಲಿದ್ದು, ಅವರ ಹೆಣ್ಣುಮಕ್ಕಳನ್ನು ಮದುವೆಯಾಗಿ, ಅವರ ಮಾತು ಕಲಿತರು. ಡೆನ್ಮಾರ್ಕಿನ ನಾವಿಕ ಟ್ಯಾಪ್ಸೆಲ್ ಎಂಬವನು 1823ರಲ್ಲಿಯೇ ಮಿಶನರಿಗಳ ಮುಂದೆ ಮಾವೋರಿ ಹುಡುಗಿಯನ್ನು ಮದುವೆಯಾದ. ಆಗ ಅಳಿಯನನ್ನು ಸಾಕುವವರು ಮಾವೋರಿಗಳು. ಅವರ ನೆಲದಲ್ಲಿ ಅವರ ನಿಯಮ.

1840ರ ಫೆಬ್ರವರಿ 6ರಂದು ವೈತಂಗಿಯಲ್ಲಿ ಒಪ್ಪಂದವಾಯಿತು. ಇಂಗ್ಲಿಷ್ ಪ್ರತಿಯಲ್ಲಿ ನಾಯಕರು ಸಾರ್ವಭೌಮತ್ವವನ್ನೇ ರಾಣಿಗೆ ಒಪ್ಪಿಸಿದರೆಂದಿದ್ದರೆ, ಮಾವೋರಿ ಪ್ರತಿಯಲ್ಲಿದ್ದ ಮಾತಿಗೆ ಆಡಳಿತ ಎಂಬಷ್ಟೇ ಅರ್ಥ. ಒಂದೇ ಕಾಗದ, ಎರಡು ಅರ್ಥ. 1865ರಲ್ಲಿ ನೆಲದ ಕೋರ್ಟು ಬಂತು. ಇಡೀ ಕುಲದ್ದಾಗಿದ್ದ ಭೂಮಿ ಒಬ್ಬೊಬ್ಬರ ಹೆಸರಿನ ಕಾಗದವಾಯಿತು, ಕಾಗದವಾದದ್ದು ಮಾರಾಟವಾಯಿತು. ಅಲ್ಲಿಂದ ಮುಂದೆ ಮಾವೋರಿ ಹೆಂಡತಿಯ ಪಾಲಿನ ನೆಲವೂ ಬಿಳಿಯ ಗಂಡನ ಕಣ್ಣಿಗೆ ಬೇರೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಪ್ರೀತಿ ಸುಳ್ಳಾಗಿತ್ತು ಎನ್ನುವುದಿಲ್ಲ. ಆದರೆ ಗಂಡ ಹೆಂಡಿರ ನಡುವೆ ಮೂರನೆಯದೊಂದು ಬಂದು ಕೂತಿತ್ತು.

ಇದನ್ನು ಓದುವಾಗ ನನಗೆ ಅಪ್ಪನ ತಗಡಿನ ಡಬ್ಬಿ ನೆನಪಾಯಿತು. ಅಪ್ಪನ ದಿಗಿಲು ಬುಡವಿಲ್ಲದ್ದಲ್ಲ, ಲೋಕದಲ್ಲಿ ಹಾಗೆ ನಡೆದದ್ದುಂಟು. ಆದರೆ ಅವನು ಹೆದರಿದ್ದು ತಪ್ಪು ಜನರಿಗೆ. ಇಲ್ಲಿ ಬಂದು ನೆಲೆಸಿದವರ ಹಿಂದೆ ಹಡಗೂ ಇರಲಿಲ್ಲ, ರಾಣಿಯೂ ಇರಲಿಲ್ಲ. ಅವರು ಉಳುವ ನೆಲ ಅವರ ಸ್ವಂತದ್ದಲ್ಲ. ಗೌಳಿ ಅಜ್ಜಿಗೂ ತನ್ನ ಅಡವಿಯ ಕಾಗದವಿರಲಿಲ್ಲ. ನಾಲ್ಕು ದಿಕ್ಕಿನಿಂದ ಬಂದ ಇಷ್ಟು ಜನರ ನಡುವೆ ಕಾಗದವಿದ್ದವನು ನಮ್ಮ ಅಪ್ಪ, ಹೆದರಿದವನೂ ಅವನೇ.

ವೈನಿಯ ಬಳಿ ಇದ್ದದ್ದು ಒಂದೇ ಕಾಗದ: ಪರದೇಶಿಯವರ ನೋಂದಣಿ ಪುಸ್ತಕ. ಅವರು 1968ರಲ್ಲಿ ಮುಂಡಗೋಡದಲ್ಲಿಯೇ ಹುಟ್ಟಿದವರು, ಹಿಮ ಕಂಡವರಲ್ಲ. ಆದರೂ ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. 1955ರ ಪೌರತ್ವ ಕಾಯಿದೆಯಂತೆ 1950ರ ಜನವರಿ 26ರಿಂದ ಹಿಡಿದು 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಟಿಬೆಟಿಯರ ಮಕ್ಕಳಿಗೂ ಇದು ಸಲ್ಲುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟೂ 2013ರಲ್ಲಿ ಕರ್ನಾಟಕ ಹೈಕೋರ್ಟೂ ಹೇಳಿದವು. ಅಣ್ಣ ಕುಣಿದಾಡಿದ. ವೈನಿ ಮಾತಾಡಲಿಲ್ಲ. ಪಾಸ್‌ಪೋರ್ಟು ಪಡೆಯಬೇಕಾದರೆ ನೋಂದಣಿ ಪುಸ್ತಕವನ್ನು ಮರಳಿಸಬೇಕು.

“ಬ್ಯಾಡ ಮಾಸ್ತರ್ರ,” ಎಂದರು ನನಗೆ. “ನಮ್ಮ ಪಾಲಾ ಸಾಯೋತನಕ ಅದನ್ನ ಕಿಸೇದಾಗ ಇಟ್ಟುಕೊಂಡಿದ್ದರು. ನಮ್ಮ ದೇಶ ಹೋತು. ದೇಶ ಹೋಗೇತಿ ಅಂತ ಹೇಳೋ ಪುಸ್ತಕ ಇದೊಂದ ಐತಿ. ಇದನ್ನೂ ಕೊಟ್ಟರ?”

ಪಾಲಾ ಎಂದರೆ ಅವರ ಭಾಷೆಯಲ್ಲಿ ತಂದೆ. ಹತ್ತು ವರ್ಷ ಆ ಪುಸ್ತಕ ಹಾಗೆಯೇ ಇತ್ತು. ಕೊನೆಗೆ ಸೋಲಿಸಿದ್ದು ಕೋರ್ಟೂ ಅಲ್ಲ, ಅಣ್ಣನೂ ಅಲ್ಲ. 2023ರಲ್ಲಿ ಮಗಳು ಬಸುರಿಯಾದಳು. ದೂರದೇಶದಲ್ಲಿ ಬಾಣಂತನ ಮಾಡುವವರು ಯಾರು? ವೈನಿ ಒಂದು ಬೆಳಿಗ್ಗೆ ಪುಸ್ತಕವನ್ನು ತಂದೆಯ ಪಟದ ಮುಂದಿಟ್ಟು, ಬಿಳಿಯ ಖಾತಾ ಹೊದಿಸಿ, ಬೆಣ್ಣೆಯ ದೀಪ ಹಚ್ಚಿದರು. ಪಕ್ಕದಲ್ಲಿಯೇ ಇದ್ದ ನಮ್ಮ ಅಪ್ಪನ ಪಟಕ್ಕೂ ಒಂದು ಖಾತಾ ಹಾಕಿದರು. ಆಮೇಲೆ ಅಣ್ಣನೊಂದಿಗೆ ಬಸ್ಸು ಹತ್ತಿದರು.

ಮಗಳ ಪ್ರಶ್ನೆಗೆ ಉತ್ತರ ಕೊಟ್ಟವರೂ ವೈನಿಯೇ. ಅಂದು ನಾನು ಫೋನು ಹಿಡಿದು ತೊದಲುತ್ತಿದ್ದಾಗ ಅವರು ಕೈಯಿಂದ ಇಸಿದುಕೊಂಡು ಹೇಳಿದ್ದರು: “ಬೆಟ್ಟ ನಿಮ್ಮ ಪೋಲಾಂದು ಹೇಳು. ಹೊಳಿ ನಿಮ್ಮ ಅಜ್ಜಂದು ಹೇಳು, ಧರ್ಮಾ ಹೊಳಿ.” ಪೋಲಾ ಎಂದರೆ ತಾಯಿಯ ತಂದೆ. ಅವರ ಊರಿನ ಹಿಂದಿದ್ದ ಬೆಟ್ಟದ ಹೆಸರನ್ನು ವೈನಿ ಎರಡು ಸಲ ಹೇಳಿದರು. ಆ ಬೆಟ್ಟವನ್ನು ತಾಯಿಯೂ ಕಂಡಿಲ್ಲ, ಮಗಳೂ ಕಂಡಿಲ್ಲ. ಹೆಸರು ನನ್ನ ನಾಲಗೆಗೆ ಹತ್ತಲಿಲ್ಲ. ಮಗಳು ಬರೆದುಕೊಂಡಳು.

ಪಾಸ್‌ಪೋರ್ಟು ಬಂದ ದಿನ ವೈನಿ ಅದನ್ನು ನನಗೆ ತೋರಿಸಿದರು. ಹುಟ್ಟಿದ ಊರಿನ ಸಾಲಿನ ಮೇಲೆ ಬೆರಳಿಟ್ಟು ಓದಿಸಿದರು: ಮುಂಡಗೋಡ.

“ಮೊದಲೂ ನಾನು ಇಲ್ಲೇ ಹುಟ್ಟಿದ್ದೆ, ಮಾಸ್ತರ್ರ,” ಎಂದರು. ಎದ್ದು ಚಹಾಕ್ಕಿಡಲು ಒಳಗೆ ಹೋದರು.