ಹೆದರಿಕೆಗೊಂದು ಹೆಸರು

ನಮ್ಮ ಕಡೆ ರಾತ್ರಿ ಹೊತ್ತು ಯಾರೂ ಹಾವಿನ ಹೆಸರು ಎತ್ತುವುದಿಲ್ಲ. ‘ಹುಳ’ ಅನ್ನುತ್ತಾರೆ. ಕಚ್ಚಿದರೂ ‘ಹುಳ ಮುಟ್ಟಿತು’ ಅಷ್ಟೆ. ಹೆಸರು ಹಿಡಿದರೆ ಬಂದೇ ಬಿಡುತ್ತದೆಂದು ಕಳಸದ ನನ್ನಜ್ಜಿಯ ನಂಬಿಕೆ. ಕಾಲೇಜಿನಿಂದ ಬಂದ ಹುರುಪಿನಲ್ಲಿ ನಾನು, ಹಾವಿನ ಭಯಕ್ಕೆ ಒಫಿಡಿಯೋಫೋಬಿಯಾ ಅಂತಾರಜ್ಜಿ ಅಂದೆ. ‘ಅಷ್ಟು ಹೇಳಿ ಮುಗಿಸೋದ್ರೊಳಗೆ ಹುಳ ಹೊರಟೇ ಹೋಗಿರತ್ತೆ ಮಾರಾಯ’ ಅಂದರು.

ಗ್ರೀಕರ ದಾರಿ ಬೇರೆ. ಅವರು ಭಯವನ್ನೇ ದೇವರು ಮಾಡಿ ಕೂರಿಸಿದರು: ಫೋಬೋಸ್, ಯುದ್ಧದೇವತೆ ಏರೀಸನ ಮಗ. 1877ರಲ್ಲಿ ಏಸಫ್ ಹಾಲ್ ಕಂಡ ಮಂಗಳನ ಎರಡು ಉಪಗ್ರಹಗಳಲ್ಲಿ ಒಂದಕ್ಕೂ ಅವನ ಹೆಸರೇ. ವೈದ್ಯರು ಅದನ್ನು ಬಾಲ ಮಾಡಿಕೊಂಡರು. ಎತ್ತರಕ್ಕೆ ಅಕ್ರೋಫೋಬಿಯಾ, ಜೇಡಕ್ಕೆ ಅರಾಕ್ನೋಫೋಬಿಯಾ, 13ರ ಅಂಕಿಗೆ ಟ್ರಿಸ್ಕೈಡೆಕಫೋಬಿಯಾ. ಉದ್ದ ಪದಗಳ ಭಯಕ್ಕೆ ಯಾರೋ ಕುಚೇಷ್ಟೆಯವರು ನೀರಾನೆಯನ್ನೂ ಎಳೆದು ತಂದು, ಒಂದೇ ಉಸಿರಿಗೆ ಹೇಳಲಾಗದ ಹೆಸರು ಕಟ್ಟಿದ್ದಾರೆ.

ಮಳೆಯ ಭಯ ಒಂಬ್ರೋಫೋಬಿಯಾ. ಹಾಗಾದರೆ ಮಾರ್ಚಿನಲ್ಲಿ ಹೂಮಳೆಗಾಗಿ ಆಕಾಶ ನೋಡುತ್ತ ಕೂತು, ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರಡಿಕೊಂಡು ಅದೇ ಮೋಡಕ್ಕೆ ನಡುಗುವ ಬೆಳೆಗಾರನದು ಯಾವ ಕಾಯಿಲೆ? ವೈದ್ಯರನ್ನು ಕೇಳಿದರೆ ಕಾಯಿಲೆಯೇ ಅಲ್ಲ. ಇರುವ ಅಪಾಯಕ್ಕೆ ಮೀರಿದ ಭಯ ತಿಂಗಳುಗಟ್ಟಲೆ ಬಿಡದೆ ಬದುಕು ಕೆಡಿಸಿದರೆ ಮಾತ್ರ ಫೋಬಿಯಾ. 2019ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನು ಕಂಡ ಮೂಡಿಗೆರೆ ತಾಲ್ಲೂಕಿನ ಮಲೆಮನೆಯವರು ಜೋರು ಮಳೆಗೆ ನಿದ್ದೆಗೆಟ್ಟರೆ, ಅದಕ್ಕೆ ಗ್ರೀಕ್ ಹೆಸರು ಹುಡುಕುವುದು ಅಧಿಕಪ್ರಸಂಗ. ಆನೆಯ ವಿಷಯದಲ್ಲಂತೂ ನಾವು ಭಯವನ್ನು ಹಾಗೇ ಬಿಟ್ಟು ಆನೆಗೇ ಹೆಸರಿಟ್ಟಿದ್ದೇವೆ. ‘ಬೀಟಮ್ಮ ಗ್ಯಾಂಗ್ ಬಂದಿದೆ’ ಎಂದು ಮೊಬೈಲಿಗೆ ಸುದ್ದಿ ಬಂತೆಂದರೆ ತೋಟದ ಕೆಲಸಕ್ಕೆ ರಜೆ. ಕೇಳುವುದಕ್ಕೆ ಮಾತ್ರ ನೆಂಟರು ಬಂದ ಹಾಗಿರುತ್ತದೆ.

ಅಸಲಿ ಫೋಬಿಯಾ ನನ್ನದು. ರಕ್ತ ಕಂಡರಾಗದು. ಮಳೆಗಾಲದಲ್ಲಿ ಇಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ, ಅದು ಕುಡಿದು ಉದುರಿದ ಮೇಲೂ ಗಾಯ ಸೋರುತ್ತಲೇ ಇರುತ್ತದೆ. ಕೆಲಸದ ಹೆಂಗಸರು ಸುಣ್ಣ ಮುಟ್ಟಿಸಿ ಕಿತ್ತೆಸೆದು ಮುಂದಿನ ಗಿಡಕ್ಕೆ ಹೋಗುತ್ತಾರೆ. ನಾನು ನೆಲಕ್ಕೆ ಒರಗುತ್ತೇನೆ. ಬೇರೆ ಭಯಗಳಲ್ಲಿ ಏರುವ ರಕ್ತದೊತ್ತಡ ಇದರಲ್ಲಿ ಒಮ್ಮೆ ಏರಿ ತಟ್ಟನೆ ಇಳಿದುಬಿಡುತ್ತದಂತೆ. ಅದಕ್ಕೆ ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರನ್ ಓಸ್ಟ್ ರೂಢಿಗೆ ತಂದ ಮದ್ದು ಬಹಳ ಸರಳ: ಕೈ, ಕಾಲು, ಹೊಟ್ಟೆಯನ್ನು 10-15 ಸೆಕೆಂಡು ಬಿಗಿ ಹಿಡಿಯುವುದು, ಸಡಿಲ ಬಿಡುವುದು, ಮತ್ತೆ ಬಿಗಿಯುವುದು. ಪರವಾಗಿಲ್ಲ, ಮೂರಕ್ಕೆರಡು ಸಲ ನಿಂತೇ ಇರುತ್ತೇನೆ.

ಜುಲೈನಲ್ಲಿ ನಮ್ಮ ತೋಟಕ್ಕೆ ಬಂದಾಗ, ಕಾಫಿಗಿಡಗಳ ನಡುವೆ ಒಬ್ಬ ಮುಷ್ಟಿ ಬಿಗಿದು ಕುಸ್ತಿಗೆ ನಿಂತ ಹಾಗೆ ಕಂಡರೆ ಗಾಬರಿಯಾಗಬೇಡಿ. ಹತ್ತಿರ ಬಂದು ಕಾಲಿನ ಇಂಬಳ ಕಿತ್ತುಕೊಟ್ಟರೆ ಉಪಕಾರವಾದೀತು.