ಆಗ್ನೇಯಕ್ಕೆ ಮುಖವೆತ್ತಿದ ಊರು

ಬಳ್ಳಾರಿ ದಾಟಿ ಕುರುಗೋಡಿನ ದಾರಿ ಹಿಡಿದರೆ ಬಸ್ಸಿನ ಕಿಟಕಿಯ ತುಂಬ ಆಕಾಶ. ಹತ್ತಿ ಹೊಲ, ಮೆಣಸಿನಕಾಯಿ ಹೊಲ, ನಡುವೆ ಥಟ್ಟನೆ ಎದ್ದು ನಿಂತ ಬಂಡೆಗುಡ್ಡ, ಮತ್ತೆ ಆಕಾಶ. ತೀರ್ಥಹಳ್ಳಿ ಸೀಮೆಯ ನಮಗೆ ಆಕಾಶವೆಂದರೆ ಅಡಿಕೆ ಮರಗಳ ಸಂದಿಯಲ್ಲಿ ಕಂಡಷ್ಟು. ಟಿವಿಗೆ ಡಿಶ್ ಹಾಕಿಸಲು ಮರ ಅಡ್ಡ ಬಾರದ ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಮಳೆ ಧೋ ಎಂದು ಸುರಿಯತೊಡಗಿದರೆ ಚಿತ್ರ ಮಾಯ.

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನಿಗೆ ಕೈಮುಗಿದು, ಆ ಏಕಶಿಲೆಯ ಗಾತ್ರಕ್ಕೆ ಬೆರಗಾಗಿ, ಬಂಡೆ ಹತ್ತುತ್ತೇನೆ. ಕೆಳಗೆ ಊರು, ಮಾಳಿಗೆ ಮಾಳಿಗೆಯ ಮೇಲೂ ಡಿಶ್. ಕಂಪನಿಗೊಂದು ಉಪಗ್ರಹವಾದ್ದರಿಂದ ಕೆಲವು ತುಸು ಅತ್ತಿತ್ತ ಹೊರಳಿವೆ. ಒಟ್ಟಿನಲ್ಲಿ ಊರಿಗೆ ಊರೇ ಆಗ್ನೇಯಕ್ಕೆ ಮುಖವೆತ್ತಿದೆ.

ಓಣಿಯೊಂದರಲ್ಲಿ ಡಿಶ್ ಹುಡುಗ ಸಿಕ್ಕುತ್ತಾನೆ. "ನೋಡ್ತೀರೇನ್ರಿ ಸರ? ಬರ್ರಿ ಮ್ಯಾಲೆ." ಮನೆಯೊಳಗಿಂದ ಹಾದು ಬಂದದ್ದರಿಂದ ಇಬ್ಬರ ಚಪ್ಪಲಿಯೂ ಬಾಗಿಲಲ್ಲೇ ಉಳಿದಿದೆ, ಮಾಳಿಗೆ ಕಾದ ಹೆಂಚಾಗಿದೆ. ಡಿಶ್ಶಿನ ಪುಟ್ಟ ನೆರಳಿಗೆ ನಾಲ್ಕು ಕಾಲುಗಳನ್ನೂ ಹೊಂದಿಸಿಕೊಳ್ಳುತ್ತೇವೆ.

ಇದು ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್, 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಈಗ ಅದು ಇಳಿದು ಬರುವುದು ಇಸ್ರೋದ ಜಿಸ್ಯಾಟ್-15ರಿಂದ. 2015ರ ನವೆಂಬರ್ 11ರಂದು ಹಾರಿದ ಈ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಕುರುಗೋಡಿಗೆ ಅದು ದಿಗಂತದಿಂದ 64 ಡಿಗ್ರಿಯಷ್ಟು ಮೇಲೆ. ಹುಡುಗನಿಗೆ ಈ ಲೆಕ್ಕ ಬೇಕಿಲ್ಲ. ಪಾನಾದಿಂದ ಬೋಲ್ಟ್ ಸಡಿಲಿಸಿ, ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ, ಕೆಳಕ್ಕೆ ಬಾಗಿ ಕೂಗುತ್ತಾನೆ: "ಯಕ್ಕಾ, ಕ್ವಾಲಿಟಿ ಎಷ್ಟೈತಿ?"

"ನಲವತ್ತು!"

ಟಿವಿ ಪರದೆಯಲ್ಲಿ ಕ್ವಾಲಿಟಿಯ ಜೊತೆಗೆ ಸ್ಟ್ರೆಂತಿನ ಗೆರೆಯೂ ಇರುತ್ತದೆ, ಅದು ಎಷ್ಟೆಂದು ಅವನು ಕೇಳುವುದೇ ಇಲ್ಲ. ಉಪಗ್ರಹ ಸಿಗದಿದ್ದರೂ ಆ ಗೆರೆ ಏರಿ ಕುಳಿತಿರಬಹುದು. ನಿಜ ಹೇಳುವುದು ಕ್ವಾಲಿಟಿ. ಈಗ ಡಿಶ್ಶಿನ ಎದುರು ತೋಳಿನ ತುದಿಯಲ್ಲಿ ಕುಳಿತು ಅಲೆ ಹಿಡಿಯುವ ಎಲ್‌ಎನ್‌ಬಿಯ ಕತ್ತು ಹಿಡಿದು ಮೆಲ್ಲಗೆ ತಿರುಚುತ್ತಾನೆ. ಉಪಗ್ರಹ ನೇರ ದಕ್ಷಿಣಕ್ಕಿಲ್ಲದೆ ಪೂರ್ವಕ್ಕೆ ಸರಿದಿರುವುದರಿಂದ ಅಲೆಗಳು ಇಲ್ಲಿಗೆ ಓರೆಯಾಗಿ ಬಂದು ಮುಟ್ಟುತ್ತವೆ. ಆ ಓರೆ ಹೆಚ್ಚುಕಡಿಮೆ 45 ಡಿಗ್ರಿ. ಅಷ್ಟು ತಿರುಚಿದ್ದೇ ತಡ, ಕೆಳಗಿನಿಂದ ಯಕ್ಕನ ದನಿ: "ಎಪ್ಪತ್ತೆಂಟು!" ಚಂದನ ಮೂಡುತ್ತದೆ. ರಿಮೋಟಿನಲ್ಲಿ ರೇಡಿಯೊ ಗುಂಡಿ ಒತ್ತಿದರೆ ಅದೇ ಡಿಶ್ಶಿನಲ್ಲಿ ಆಕಾಶವಾಣಿಯ ಕನ್ನಡ, ಒಂದಿಷ್ಟೂ ಕರಕರ ಇಲ್ಲದೆ. ಭದ್ರಾವತಿ ಕೇಂದ್ರಕ್ಕಾಗಿ ರೇಡಿಯೊವನ್ನು ಜಗಲಿಯ ಮೂಲೆ ಮೂಲೆಗೂ ಹೊತ್ತು ತಿರುಗಿದ ಮನೆಯಿಂದ ಬಂದ ನನಗೆ ಇದು ಪವಾಡವೇ.

"ವರ್ಷಕ್ಕ ಎರಡು ಸಲ ಸೂರ್ಯನೇ ಟಿವಿ ನಿಲ್ಲಿಸ್ತಾನ್ರಿ" ಎನ್ನುತ್ತಾನೆ ಹುಡುಗ. ಹೌದು. ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಗೆ ಕೆಲವು ದಿನ, ಬೆಳಿಗ್ಗೆ 11ರ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಅವನ ಗದ್ದಲದಲ್ಲಿ ಸಿಗ್ನಲ್ ಕೆಲವು ನಿಮಿಷ ಮುಳುಗಿಹೋಗುತ್ತದೆ. ಯಾವ ಬೋಲ್ಟನ್ನೂ ಮುಟ್ಟದೆ ಕಾಯಬೇಕು, ಅಷ್ಟೆ.

ಸಂಜೆ ಸಿರುಗುಪ್ಪ. ಕಾಲುವೆ ನೀರು, ಭತ್ತದ ಗದ್ದೆ, ಊರು ನೆನಪಾಗುತ್ತದೆ. ತುಂಗಭದ್ರೆಯ ಆಚೆ ದಡ ರಾಯಚೂರು ಜಿಲ್ಲೆ. ನನ್ನ ನಿಜವಾದ ಬೆರಗು ಅಲ್ಲಿದೆ. 1975ರ ಆಗಸ್ಟಿನಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳದು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಡಿಶ್, ಊರಿಗೆಲ್ಲ ಒಂದೇ ಟಿವಿ, ಅದರ ಮುಂದೆ ಇಡೀ ಊರು. ಮಹಾನಗರಗಳ ಎಷ್ಟೋ ಮನೆಗಳಿಗಿಂತ ಮೊದಲು ಈ ಎರೆನೆಲದ ಹಳ್ಳಿಗರು ಉಪಗ್ರಹದ ಟಿವಿಯಲ್ಲಿ ಕನ್ನಡ ಕೇಳಿದರು. ಇದನ್ನು ನಮ್ಮ ಮಕ್ಕಳ ಪಾಠದಲ್ಲಿ ಸೇರಿಸಬೇಕು.

ಮನೆಗೆ ಡಿಶ್ ಹಾಕಿಸುವವರಿಗೆ ಒಂದು ಮಾತು. ಕಂಬ ನೆಟ್ಟಗಿದೆಯೇ ನೋಡಿ. ಎಲ್‌ಎನ್‌ಬಿಗೆ ವೈರ್ ಸೇರುವಲ್ಲಿ ನೀರಿಳಿಯದಂತೆ ಟೇಪ್ ಸುತ್ತಿಸಿ. ಕ್ವಾಲಿಟಿ ಎಷ್ಟೆಂದು ಕಣ್ಣಾರೆ ನೋಡುವ ತನಕ ಹುಡುಗನನ್ನು ಮಾಳಿಗೆಯಿಂದ ಇಳಿಯಗೊಡಬೇಡಿ.